ಏಳನೇ ಕ್ಲಾಸಿನ ಮಗುವನ್ನು ಹೊರಗೆ ನಿಲ್ಲಿಸಿ ಮಾತಾಡುವುದು ಬೇಡ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಒಬ್ಬರು ತಾಯಿ ಬರೆದ ಪತ್ರ ಓದಿದೆ. ಅವರ ಮಗ ಏಳನೇ ಕ್ಲಾಸು. ಶಾಲೆಯಲ್ಲಿ ಏನು ನಡೆಯುತ್ತದೆ ಅಂತ ಮನೆಯವರಿಗೆ ಗೊತ್ತಾಗುವುದೇ ಇಲ್ಲ, ದೊಡ್ಡ ಖಾಸಗಿ ಶಾಲೆಗಳಲ್ಲಿ ಅದಕ್ಕೆ ಆ್ಯಪ್ ಇದೆ, ಉಳಿದ ಶಾಲೆಗಳ ಟೀಚರುಗಳು ಕನಿಷ್ಠ ದಿನಾ ಸಂಜೆ ವಾಟ್ಸಾಪಿನಲ್ಲಿ ಪ್ರತಿ ಮಗುವಿನ ವರದಿ ಹಾಕಲು ಏನು ಕಷ್ಟ ಅಂತ ಕೇಳಿದ್ದಾರೆ. ಅವರ ಸಂಕಟ ನ್ಯಾಯವಾದದ್ದೇ. ಕೇಳಿದ ಔಷಧಿ ಮಾತ್ರ ಸರಿಯಿಲ್ಲ ಅಂತ ನನಗನಿಸುತ್ತದೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು. ಕತ್ತರಿ ಹಾಕುವುದಿದ್ದರೆ ನನ್ನ ಗೊಣಗಾಟಕ್ಕೆ ಹಾಕಿ, ಮಕ್ಕಳ ವಿಷಯ ಇರುವ ಕಡೆ ಬೇಡ.

ನಾನು ಉಡುಪಿ ಜಿಲ್ಲೆಯ ಕಡಲ ಬದಿಯ ಊರೊಂದರಲ್ಲಿ ಟೀಚರ್. ಚರ್ಚಿನವರು ನಡೆಸುವ ಕನ್ನಡ ಮಾಧ್ಯಮದ ಅನುದಾನಿತ ಹಿರಿಯ ಪ್ರಾಥಮಿಕ ಶಾಲೆ. ದೊಡ್ಡ ಕ್ಲಾಸುಗಳಿಗೆ ಕನ್ನಡ ಮತ್ತು ಸಮಾಜ ಪಾಠ ಮಾಡುತ್ತೇನೆ. ನಾನೂ ಕಥೋಲಿಕ್ ಮನೆಯವಳೇ. ಚರ್ಚಿನ ಶಾಲೆ ಅಂದ ಕೂಡಲೇ ಮಕ್ಕಳೆಲ್ಲ ಕ್ರಿಶ್ಚಿಯನ್ನರು ಅಂತ ದೂರದ ಊರಿನವರು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ನನ್ನ ಕ್ಲಾಸಿನಲ್ಲಿ ಮೊಗವೀರರ ಮಕ್ಕಳಿದ್ದಾರೆ, ಬಿಲ್ಲವರ ಮಕ್ಕಳಿದ್ದಾರೆ, ಬ್ಯಾರಿ ಮುಸ್ಲಿಮರ ಮಕ್ಕಳಿದ್ದಾರೆ, ಗದಗ, ಕೊಪ್ಪಳ, ಬಾಗಲಕೋಟೆ ಕಡೆಯಿಂದ ಕೆಲಸ ಹುಡುಕಿ ಬಂದವರ ಮಕ್ಕಳು ಈಗ ಜಾಸ್ತಿಯೇ ಇದ್ದಾರೆ, ಇವರ ನಡುವೆ ನಮ್ಮ ಕೊಂಕಣಿ ಮಕ್ಕಳು ಕೆಲವರು. ಒಂದು ಮನೆಯಲ್ಲಿ ತುಳು, ಇನ್ನೊಂದರಲ್ಲಿ ಬ್ಯಾರಿ, ಮತ್ತೊಂದರಲ್ಲಿ ಘಟ್ಟದ ಆಚೆಯ ಕನ್ನಡ. ಇಷ್ಟೂ ಮನೆಗಳಿಗೆ ಒಂದೇ ಥರದ ಮೆಸೇಜು ಒತ್ತಿ ಕಳಿಸಿದರೆ ಅದು ಒಂದೇ ಥರ ತಲುಪುವುದಿಲ್ಲ.

ವಾಟ್ಸಾಪ್ ಗ್ರೂಪು ನಮ್ಮಲ್ಲೂ ಇದೆ. 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಮಾಡಿದ್ದು. ಆಗ ಅದಿಲ್ಲದಿದ್ದರೆ ಎಷ್ಟೋ ಮಕ್ಕಳು ಕೈತಪ್ಪಿ ಹೋಗುತ್ತಿದ್ದರು, ಅದನ್ನು ಅಲ್ಲಗಳೆಯುವುದಿಲ್ಲ. ಈಗಲೂ ಮಳೆಗಾಲದಲ್ಲಿ ರೆಡ್ ಅಲರ್ಟ್ ಬಂದು ಡಿಸಿ ರಜೆ ಕೊಟ್ಟರೆ ಬೆಳಿಗ್ಗೆ ಆರಕ್ಕೆ ಅದೇ ಗ್ರೂಪು ಬೇಕು. ನಾಳೆ ಯೂನಿಫಾರ್ಮ್ ಬೇಡ, ಬಣ್ಣದ ಬಟ್ಟೆ ಹಾಕಿ. ಗುರುವಾರ ಎಫ್‌ಎ ಪರೀಕ್ಷೆ. ಆಧಾರ್ ಝೆರಾಕ್ಸ್ ತರದವರು ತನ್ನಿ. ಇಷ್ಟಕ್ಕೆಲ್ಲ ಗ್ರೂಪು ಒಳ್ಳೆಯದು. ಒಂದು ಮಗುವಿನ ಹೆಸರು ಅದರೊಳಗೆ ಬಿದ್ದ ಕ್ಷಣದಿಂದ ಅದು ಕೆಡಲು ಶುರು.

ಅಂಕಪಟ್ಟಿಯ ಫೋಟೋ ತೆಗೆದು ಗ್ರೂಪಿಗೆ ಹಾಕುವ ಚಾಳಿ ಎಷ್ಟೋ ಶಾಲೆಗಳಲ್ಲಿ ಇದೆ. ಮೇಲಿನಿಂದ ಕೆಳಗಿನವರೆಗೆ ಎಲ್ಲರ ಹೆಸರು, ಎದುರಿಗೆ ಅಂಕ. ಹಾಕಿದ ಟೀಚರಿಗೆ ಒಂದೇ ಸಲಕ್ಕೆ ಕೆಲಸ ಮುಗಿಯಿತು. ಆದರೆ ಕೊನೆಯಲ್ಲಿ ಇರುವ ಮಗುವಿನ ಅಂಕ ಅಕ್ಕಪಕ್ಕದ ಮನೆಗೆಲ್ಲ ಗೊತ್ತಾಯಿತು ಅಲ್ವಾ? ಸಂಜೆ ನೀರು ತರಲು ಹೋದಾಗ ಅವರಮ್ಮನ ಹತ್ತಿರ ಯಾರೋ ಕೇಳುತ್ತಾರೆ, "ನಿನ್ನ ಮಗನಿಗೆ ಗಣಿತದಲ್ಲಿ ಅಷ್ಟೇಯಾ?" ಆ ಅಮ್ಮ ಮನೆಗೆ ಬಂದು ಮಗನಿಗೆ ಬಾರಿಸುತ್ತಾಳೆ. ಬಾರಿಸಿದ್ದು ಗಣಿತಕ್ಕಲ್ಲ, ಆ ಪ್ರಶ್ನೆಗೆ. ಯಾರು ಹೋಂವರ್ಕ್ ಮಾಡಿಲ್ಲ, ಯಾರು ಫೀಸು ಬಾಕಿ, ಯಾರ ತಲೆಯಲ್ಲಿ ಹೇನು, ಎಲ್ಲವೂ ಗ್ರೂಪಿನಲ್ಲಿ ಬರುವುದನ್ನು ನಾನು ಬೇರೆ ಬೇರೆ ಶಾಲೆಯ ಗೆಳತಿಯರ ಫೋನಿನಲ್ಲಿ ನೋಡಿದ್ದೇನೆ. ಹೊಡೆಯುವುದು ಮಾತ್ರವಲ್ಲ, ಮಗುವಿಗೆ ಮಾನಸಿಕ ಹಿಂಸೆ ಕೊಡುವುದೂ ತಪ್ಪು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಇದನ್ನು ಆ ಲೆಕ್ಕಕ್ಕೆ ಸೇರಿಸಲು ನನಗೇನೂ ಹಿಂಜರಿಕೆ ಇಲ್ಲ.

ಇನ್ನು, ಟೀಚರ್ ಕಳಿಸಿದ್ದನ್ನು ಓದುವುದು ಯಾರು? ಪೋಷಕರು ಅಂತ ನಾವು ತಿಳಿದುಕೊಂಡಿರುತ್ತೇವೆ. ಹೆಚ್ಚಿನ ಮನೆಗಳಲ್ಲಿ ಸಂಜೆ ನಾಲ್ಕೂವರೆಯಿಂದ ರಾತ್ರಿ ಒಂಬತ್ತರವರೆಗೆ ಅಮ್ಮನ ಫೋನು ಇರುವುದು ಮಗುವಿನ ಕೈಯಲ್ಲಿ. ಅವನ ಬಗ್ಗೆ ಬಂದ ದೂರನ್ನು ಅವನೇ ಮೊದಲು ಓದುತ್ತಾನೆ. ಓದಿ ಅಳಿಸುತ್ತಾನೆ. ಸ್ವಲ್ಪ ಚುರುಕಿನವನಾದರೆ ಕೆಳಗೊಂದು "ಓಕೆ ಟೀಚರ್" ಅಂತ ಹಾಕಿ ಮೇಲೆ ಕೈ ಮುಗಿಯುವ ಚಿತ್ರವನ್ನೂ ಇಡುತ್ತಾನೆ. ನಮ್ಮ ಕಾಲದಲ್ಲಿ ಪ್ರೋಗ್ರೆಸ್ ಕಾರ್ಡಿಗೆ ಅಪ್ಪನ ಸಹಿ ತಾವೇ ಹಾಕುತ್ತಿದ್ದವರು ಇದ್ದರಲ್ಲ, ಅದೇ ವಿದ್ಯೆ, ಫೋನು ಹೊಸದು. ದಿನಾ ವರದಿ ಬೇಕು ಅನ್ನುವವರು ಇದನ್ನೊಮ್ಮೆ ಯೋಚನೆ ಮಾಡಬೇಕು.

ಓದಲು ಬಾರದ ಅಮ್ಮಂದಿರೂ ಇದ್ದಾರೆ. ಅವರಿಗೆ ನಾನು ವಾಯ್ಸ್ ಮೆಸೇಜು ಕಳಿಸುತ್ತೇನೆ, ತುಳುವಿನಲ್ಲಿ ಆದರೆ ತುಳುವಿನಲ್ಲಿ. ಉತ್ತರವೂ ವಾಯ್ಸಿನಲ್ಲೇ ಬರುತ್ತದೆ, ಹಿಂದೆ ಕುಕ್ಕರ್ ಕೂಗುತ್ತಿರುತ್ತದೆ, ಯಾರೋ ನಾಯಿಗೆ ಬೈಯುತ್ತಿರುತ್ತಾರೆ, ಆದರೂ ಬರೆದು ಕಳಿಸಿದ್ದಕ್ಕಿಂತ ಅದರಲ್ಲಿ ವಿಷಯ ಜಾಸ್ತಿ ಇರುತ್ತದೆ.

ಈಗ ನಾನು ಹೇಳಬೇಕೆಂದಿದ್ದ ಮಾತು. ಆರು, ಏಳು, ಎಂಟನೇ ಮಕ್ಕಳ ಬಗ್ಗೆ ಮನೆಯವರ ಹತ್ತಿರ ಮಾತಾಡುವಾಗ ಮಗು ಅಲ್ಲೇ ಕೂತಿರಬೇಕು. ನಮ್ಮಲ್ಲಿ ಹೆಚ್ಚಿನ ಪೋಷಕರ ಸಭೆ ನಡೆಯುವುದು ಹೀಗೆ: ಮಗು ಜಗಲಿಯಲ್ಲಿ ಕಂಬ ಹಿಡಿದುಕೊಂಡು ನಿಂತಿರುತ್ತದೆ. ಒಳಗೆ ಅಪ್ಪನೋ ಅಮ್ಮನೋ ಟೀಚರ ಎದುರು ಕೂತಿರುತ್ತಾರೆ. ಮಗುವಿಗೆ ಮಾತು ಕೇಳುವುದಿಲ್ಲ, ಅಮ್ಮನ ಮುಖ ಮಾತ್ರ ಕಾಣುತ್ತದೆ. ಆಮೇಲೆ ಗೇಟು ದಾಟುವವರೆಗೆ ಯಾರೂ ಏನೂ ಮಾತಾಡುವುದಿಲ್ಲ. ಮಗುವಿನ ತಲೆಯಲ್ಲಿ ಟೀಚರ್ ಹೇಳಿದ್ದಕ್ಕಿಂತ ಹತ್ತು ಪಟ್ಟು ಕೆಟ್ಟದ್ದು ಓಡುತ್ತಿರುತ್ತದೆ, ಅಮ್ಮನೂ ಕೇಳಿದ್ದನ್ನು ತನ್ನ ಸಿಟ್ಟಿನ ಅಳತೆಗೆ ಹಿಗ್ಗಿಸಿ ಮನೆಯಲ್ಲಿ ಹೇಳುತ್ತಾಳೆ, ಮಾರನೇ ದಿನ ಮಗು ನಮ್ಮ ಮುಖ ನೋಡುವುದಿಲ್ಲ. ಒಂದನೇ ಕ್ಲಾಸಿನ ಮಗುವಾದರೆ ಮರೆತು ಬಿಡುತ್ತದೆ. ಹನ್ನೆರಡು ಹದಿಮೂರು ವರ್ಷದವರು ಮರೆಯುವುದಿಲ್ಲ. ಆ ವಯಸ್ಸಿನಲ್ಲಿ ಮನೆಯಲ್ಲಿ ಏನು ಕೇಳಿದರೂ "ಏನಿಲ್ಲ" ಅನ್ನುವುದೇ ಉತ್ತರ. ಬೆನ್ನ ಹಿಂದೆ ಮಾತಾಡಿ ನಾವೇ ಅವರಿಗೆ ಅದನ್ನು ಕಲಿಸಿಕೊಡುತ್ತೇವೆ.

ಹಾಗಾಗಿ ನಮ್ಮ ಕ್ಲಾಸಿನಲ್ಲಿ ಮೂರು ಕುರ್ಚಿ. ಟೀಚರಿಗೊಂದು, ಮನೆಯವರಿಗೊಂದು, ಮಗುವಿಗೊಂದು. ಮೊದಲ ಮಾತು ಮಗುವಿನದ್ದು. ತನ್ನ ಪುಸ್ತಕಗಳಿಂದ ಎರಡು ಪುಟ ಆರಿಸಿಕೊಂಡು ಬರಬೇಕು. ಒಂದು ತನಗೆ ಇಷ್ಟವಾದ ಪುಟ, ಇನ್ನೊಂದು ಸರಿಯಾಗದ ಪುಟ. ಎರಡನ್ನೂ ತಾನೇ ತೋರಿಸಿ ಹೇಳಬೇಕು. ಅಮೆರಿಕದ ಅನೇಕ ಶಾಲೆಗಳಲ್ಲಿ, ಕಥೋಲಿಕ್ ಶಾಲೆಗಳಲ್ಲೂ, ಈ ವಯಸ್ಸಿನ ಮಕ್ಕಳ ಪೋಷಕರ ಸಭೆಯನ್ನು ಮಗುವೇ ನಡೆಸುವ ಪದ್ಧತಿ ಇದೆ. ಅಷ್ಟು ದೂರ ಯಾಕೆ, ನಮ್ಮ ಶಿಕ್ಷಣ ಇಲಾಖೆಯೇ ಹಿಂದೆ "ಸಮುದಾಯದತ್ತ ಶಾಲೆ" ಅಂತ ಕಾರ್ಯಕ್ರಮ ಮಾಡಿ ಮಕ್ಕಳು ಕಲಿತದ್ದನ್ನು ಊರವರ ಎದುರು ಮಕ್ಕಳಿಂದಲೇ ತೋರಿಸುತ್ತಿತ್ತು. ಮಕ್ಕಳು ಅಟ್ಲಾಸ್ ಹಿಡಿದು ನಿಂತು ಊರು ತೋರಿಸುವಾಗ ಅಜ್ಜಂದಿರು ಬಾಯಿ ಬಿಟ್ಟು ನೋಡುತ್ತಿದ್ದರು.

ಮಕ್ಕಳು ತಮ್ಮ ಬಗ್ಗೆ ನಮಗಿಂತ ಖಡಕ್ಕಾಗಿ ಮಾತಾಡುತ್ತಾರೆ, ಇದು ಹೊಸಬರಿಗೆ ಗೊತ್ತಿರುವುದಿಲ್ಲ. "ನಾನು ಭಾಗಾಕಾರ ಮಾಡುವುದಿಲ್ಲ, ಹಿಂದಿನ ಬೆಂಚಿನವನದ್ದು ನೋಡಿ ಬರೀತೇನೆ" ಅಂತ ಒಬ್ಬ ಹುಡುಗ ಅವನ ಅಪ್ಪನ ಎದುರೇ ಹೇಳಿದ. ಅಪ್ಪ ಕೈ ಎತ್ತುವುದರೊಳಗೆ ನಾನು ನಕ್ಕುಬಿಟ್ಟೆ, ಅವರೂ ನಕ್ಕರು. ನಗದಿದ್ದರೆ ಕತೆ ಬೇರೆ ಆಗುತ್ತಿತ್ತು ಬಿಡಿ.

ಗದಗದ ಕಡೆಯ ಒಬ್ಬ ಅಮ್ಮ ಕಟ್ಟಡದ ಕೆಲಸದಿಂದ ನೇರವಾಗಿ ಬಂದಿದ್ದರು. ಸೀರೆಯ ಅಂಚಿಗೆ ಸಿಮೆಂಟು ಒಣಗಿ ಹಿಡಿದಿತ್ತು. ಕುರ್ಚಿ ಹೊಲಸಾಗುತ್ತದೆ ಅಂತ ಕೂರಲೇ ಇಲ್ಲ, ಬಾಗಿಲಲ್ಲಿ ನಿಂತು "ಅಕ್ಕೋರ, ಹುಡುಗ ಏನ್ ಮಾಡ್ಯಾನ್ರೀ?" ಅಂದರು. ಏನೂ ಮಾಡಿಲ್ಲ, ಒಳಗೆ ಬನ್ನಿ ಅಂದರೂ ನಂಬಿಕೆ ಇಲ್ಲ. ಕೊನೆಗೆ ನಾನು ಒಂದು ಹಾಳೆ ಹಾಸಿದ ಮೇಲೆ ಕುರ್ಚಿಯ ತುದಿಯಲ್ಲಿ ಕೂತರು. ಹುಡುಗ ಕನ್ನಡ ಪುಸ್ತಕ ತೆಗೆದು ಪದ್ಯ ಓದಿದ. ನಿಲ್ಲದೆ, ತಪ್ಪಿಲ್ಲದೆ. ಅಮ್ಮನಿಗೆ ಅಕ್ಷರ ಬಾರದು. ಪುಸ್ತಕ ನೋಡಲಿಲ್ಲ, ಅವನ ಬಾಯಿಯನ್ನೇ ನೋಡುತ್ತಿದ್ದರು. "ಇಂವ ಮನ್ಯಾಗ ಬಾಯೇ ಬಿಡೂದಿಲ್ರೀ" ಅಂತ ನನಗೆ ಹೇಳಿ, ಅವನಿಗೆ "ಇನ್ನೊಮ್ಮೆ ಓದಲಾ" ಅಂದರು. ನಾನು ಹೇಳಬೇಕೆಂದಿದ್ದ ಹಾಜರಿಯ ವಿಷಯವನ್ನು ಆಮೇಲೆ ಹುಡುಗನೇ ಹೇಳಿದ: ಸೋಮವಾರ ತಂಗಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಾನಂತೆ. ತಂಗಿಯನ್ನು ಅಂಗನವಾಡಿಗೆ ಸೇರಿಸುವ ಮಾತು ಅಲ್ಲೇ ಆಯಿತು. ಇದನ್ನೆಲ್ಲ ಯಾವ ಆ್ಯಪಿನಲ್ಲಿ ಹಾಕುವುದು?

ಹೊರಗೆ ನಿಲ್ಲಿಸಲೇಬೇಕಾದ ಸಂದರ್ಭವೇ ಇಲ್ಲ ಅಂತಲ್ಲ. ಅಪ್ಪನ ಕುಡಿತ, ಸಾಲ, ಅಮ್ಮನ ಕಾಯಿಲೆ, ಮನೆ ಒಡೆಯುವ ಮಾತು, ಇವನ್ನು ಹೇಳಿಕೊಳ್ಳಲು ದೊಡ್ಡವರಿಗೂ ಜಾಗ ಬೇಕು. ಅಂಥ ದಿನ ಮಗುವಿಗೆ ಮೊದಲೇ ಹೇಳುತ್ತೇನೆ, "ಇವತ್ತು ಅಮ್ಮನ ಹತ್ತಿರ ನಿನ್ನ ವಿಷಯ ಅಲ್ಲ, ಅವರದ್ದೇ ವಿಷಯ ಮಾತಾಡಲಿಕ್ಕಿದೆ" ಅಂತ. ಹಾಗೆಯೇ ಎಲ್ಲ ಮನೆಗಳಿಗೂ ಎಲ್ಲವನ್ನೂ ಹೇಳಲೂ ಆಗುವುದಿಲ್ಲ. "ಅಪ್ಪನಿಗೆ ಹೇಳಬೇಡಿ ಟೀಚರ್" ಅಂತ ಮಗು ಅಂಗಲಾಚಿದರೆ ಅದು ಯಾವಾಗಲೂ ಕಳ್ಳತನ ಮುಚ್ಚುವ ಉಪಾಯವಲ್ಲ. ಬೆನ್ನ ಮೇಲೆ ಬೆಲ್ಟಿನ ಗುರುತು ಇರುವ ಮಗು ಹಾಗೆ ಹೇಳಿದರೆ ಅದನ್ನು ಕೇಳಬೇಕು, ಅಜ್ಜಿಗೋ ಚಿಕ್ಕಮ್ಮನಿಗೋ ಮೊದಲು ಹೇಳಬೇಕು, ಬೇಕಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು. ದಿನದ ವರದಿ ಒತ್ತುವ ಯಂತ್ರಕ್ಕೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ.

ಚರ್ಚಿನ ಶಾಲೆಯಲ್ಲಿ ಇದಕ್ಕೆ ಸಂಬಂಧಪಟ್ಟ ಇನ್ನೊಂದು ತೊಡಕಿದೆ. ನಮ್ಮ ಕಥೋಲಿಕ್ ಮಕ್ಕಳು ಪಾಪನಿವೇದನೆಗೆ, ಅಂದರೆ ಫಾದರ್ ಹತ್ತಿರ ತಮ್ಮ ತಪ್ಪು ಹೇಳಿಕೊಳ್ಳಲು, ಹೋಗಿ ರೂಢಿ ಇದ್ದವರು. ಅಲ್ಲಿ ಹೇಳಿದ್ದು ಫಾದರ್ ಬಾಯಿಂದ ಹೊರಗೆ ಬರುವುದಿಲ್ಲ ಅಂತ ಅವರಿಗೆ ಗೊತ್ತು. ಟೀಚರಿಗೆ, ಸಿಸ್ಟರಿಗೆ ಹೇಳಿದರೂ ಹಾಗೇ ಅಂತ ಅಂದುಕೊಳ್ಳುತ್ತಾರೆ. ಉಳಿದ ಮಕ್ಕಳೂ ಅವರನ್ನು ನೋಡಿ ಹಾಗೇ ತಿಳಿಯುತ್ತಾರೆ. ಹಾಗಲ್ಲ. "ಯಾರಿಗೂ ಹೇಳುವುದಿಲ್ಲ ಅಂತ ಮೊದಲು ಆಣೆ ಮಾಡಿ" ಅಂದರೆ ನಾನು ಮಾಡುವುದಿಲ್ಲ. ನಿನಗೆ ಯಾರಾದರೂ ತೊಂದರೆ ಕೊಡುತ್ತಿದ್ದರೆ ನಾನು ಹೇಳಬೇಕಾದವರಿಗೆ ಹೇಳಲೇಬೇಕು, ಹೇಳುವ ಮೊದಲು ನಿನಗೆ ತಿಳಿಸುತ್ತೇನೆ ಅನ್ನುತ್ತೇನೆ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದಿದ್ದರೆ ಅದೇ ಒಂದು ಅಪರಾಧ. ಟೀಚರಾಗಲಿ, ಸಿಸ್ಟರಾಗಲಿ, ಶಾಲೆಯ ಮರ್ಯಾದೆ ಅಂತ ಹೇಳುವ ಆಡಳಿತದವರಾಗಲಿ, ಯಾರಿಗೂ ಇದರಿಂದ ವಿನಾಯಿತಿ ಇಲ್ಲ. ಇದನ್ನು ಜೂನಿನಲ್ಲೇ ಕ್ಲಾಸಿನಲ್ಲಿ ಎಲ್ಲರಿಗೂ ಹೇಳಿಬಿಟ್ಟರೆ ಆಮೇಲೆ ಯಾವ ಮಗುವಿಗೂ ಟೀಚರ್ ಮೋಸ ಮಾಡಿದರು ಅನಿಸುವುದಿಲ್ಲ. ಇನ್ನು ಮಕ್ಕಳ ಜತೆ ಟೀಚರ್ ರಾತ್ರಿ ಹೊತ್ತು ಒಬ್ಬೊಬ್ಬರಿಗೇ ಚಾಟ್ ಮಾಡುವುದು ಎಂಥ ಒಳ್ಳೆಯ ಉದ್ದೇಶಕ್ಕಾದರೂ ಬೇಡವೇ ಬೇಡ. ಮಗುವಿಗೆ ಏನಾದರೂ ಹೇಳಬೇಕಿದ್ದರೆ ಶಾಲೆಯ ಜಗಲಿ ಇದೆ.

ಭಾನುವಾರದ ವಿಷಯಕ್ಕೆ ಬರುತ್ತೇನೆ. ನಮ್ಮವರು ಓದಿದರೆ ಸಿಟ್ಟಾಗಬಹುದು. ಆಗಲಿ. ಬೆಳಿಗ್ಗೆ ಪೂಜೆ ಮುಗಿದು ಚರ್ಚಿನ ಮೆಟ್ಟಿಲು ಇಳಿಯುವಾಗ ನನ್ನ ಕ್ಲಾಸಿನ ಕಥೋಲಿಕ್ ಮಕ್ಕಳ ಅಪ್ಪ ಅಮ್ಮ ಎಲ್ಲರೂ ಸಿಗುತ್ತಾರೆ. "ಟೀಚರ್, ನಮ್ಮವಳು ಹೇಗಿದ್ದಾಳೆ?" ಅಂತ ಕೇಳುತ್ತಾರೆ, ಸುತ್ತ ಜನ ಇರುತ್ತಾರೆ, ನಾನು "ಸೋಮವಾರ ಬನ್ನಿ, ಅವಳನ್ನೂ ಕೂರಿಸಿಕೊಂಡು ಮಾತಾಡುವ" ಅನ್ನುತ್ತೇನೆ. ಕೆಲವರಿಗೆ ಬೇಸರ ಆಗುತ್ತದೆ. ಇನ್ನು ಕೆಲವರು ನನ್ನ ಹತ್ತಿರ ಬರುವುದೇ ಇಲ್ಲ, ನೇರ ಫಾದರ್ ಹತ್ತಿರ ಹೋಗುತ್ತಾರೆ. ಶಾಲೆಯ ಸಂಚಾಲಕರು ಅವರೇ ಅಲ್ವಾ. ಚರ್ಚಿನ ವಾರ್ಡಿನ ಮುಖಂಡರಾದ ಗುರ್ಕಾರರಿಗೆ ಹೇಳಿ, ಅವರಿಂದ ಫಾದರಿಗೆ, ಫಾದರಿಂದ ಹೆಡ್ ಟೀಚರಿಗೆ, ಅಲ್ಲಿಂದ ನನಗೆ ಬರುವ ಹೊತ್ತಿಗೆ "ಮಗಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ" ಅನ್ನುವ ಸಣ್ಣ ಮಾತು "ಟೀಚರ್ ಭೇದ ಮಾಡುತ್ತಾರೆ" ಅಂತ ಆಗಿರುತ್ತದೆ. ಈ ದಾರಿ ಒಂದು ಬ್ಯಾರಿ ಮಗುವಿನ ತಾಯಿಗೆ ಇಲ್ಲ, ಕೊಪ್ಪಳದಿಂದ ಬಂದ ಗಾರೆ ಕೆಲಸದವರಿಗೆ ಇಲ್ಲ. ಅವರು ಫಾದರಿನ ಬಂಗಲೆಯ ಗೇಟು ದಾಟಲೂ ಅಂಜುತ್ತಾರೆ. ಒಂದೇ ಶಾಲೆಯಲ್ಲಿ ಕೆಲವು ಮನೆಗಳಿಗೆ ಎರಡು ಬಾಗಿಲು, ಉಳಿದವರಿಗೆ ಒಂದು. ಹಾಗಾಗಿ ಮಗುವಿನ ವಿಷಯ ಚರ್ಚಿನ ಅಂಗಳದಲ್ಲಿ ಬೇಡ, ಶಾಲೆಯಲ್ಲೇ ಆಗಲಿ ಅನ್ನುವುದು ನನ್ನ ಹಟ. ಮಾತು ಕೇಳಿಸಿಕೊಂಡು "ಮೊದಲು ಟೀಚರ ಹತ್ತಿರ ಹೋಗಿ" ಅಂತ ತಿರುಗಿಸಿ ಕಳಿಸುವ ಫಾದರ್‌ಗಳೂ ಇದ್ದಾರೆ, ಅಂಥವರು ಸಿಕ್ಕಿದರೆ ಟೀಚರ ಅರ್ಧ ಕೆಲಸ ಹಗುರ.

ಹಾಗೆ ನೋಡಿದರೆ ನಮ್ಮ ಕಥೋಲಿಕ್ ಧರ್ಮಸಭೆಯ ಕಾನೂನೇ ನನ್ನ ಕಡೆ ಇದೆ. ಜಗತ್ತಿನ ಕಥೋಲಿಕ್ ಬಿಷಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಶಿಕ್ಷಣದ ಘೋಷಣೆಯಲ್ಲಿ ಮಕ್ಕಳ ಮೊದಲ ಮತ್ತು ಮುಖ್ಯ ಗುರುಗಳು ತಂದೆತಾಯಿಯೇ ಅಂತ ಇದೆ. 1983ರ ಚರ್ಚ್ ಕಾನೂನು ಸಂಹಿತೆಯ 796ನೇ ವಿಧಿಯಲ್ಲಿ ಶಿಕ್ಷಕರು ಪೋಷಕರ ಜತೆ ಕೂಡಿ ಕೆಲಸ ಮಾಡಬೇಕು, ಅವರ ಮಾತನ್ನು ಮನಸ್ಸಿಟ್ಟು ಕೇಳಬೇಕು, ಪೋಷಕರ ಸಭೆಗಳನ್ನು ನಡೆಸಬೇಕು ಅಂತ ಬರೆದಿದ್ದಾರೆ. ಪೋಷಕರು ಅಂದರೆ ಕಥೋಲಿಕ್ ಪೋಷಕರು ಮಾತ್ರ ಅಂತ ನಾವು ಓದಿಕೊಳ್ಳಬಾರದು, ಅಷ್ಟೇ. ಸರ್ಕಾರದ ಕಾಯ್ದೆಯೂ ಬೇರೆ ಹೇಳುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ನಿನಲ್ಲಿ ಶಿಕ್ಷಕರು ಮಾಡಲೇಬೇಕಾದ ಕೆಲಸಗಳ ಪಟ್ಟಿ ಇದೆ. ಪೋಷಕರ ಜತೆ ಆಗಾಗ ಸಭೆ ಸೇರಿ ಮಗುವಿನ ಹಾಜರಿ, ಕಲಿಯುವ ಶಕ್ತಿ, ಪ್ರಗತಿ ತಿಳಿಸುವುದು ಅದರಲ್ಲಿ ಒಂದು. ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು, ನಮ್ಮದು ಅಂಥದ್ದೇ ಶಾಲೆ. ಆ ತೀರ್ಪನ್ನು ತೋರಿಸಿ ನಮಗೆ ಪೋಷಕರ ಸಭೆ ಕಡ್ಡಾಯವಲ್ಲ ಅನ್ನುವವರು ಯಾರಾದರೂ ಇದ್ದರೆ ಅವರಿಗೆ 796ನೇ ವಿಧಿ ತೋರಿಸಿ. ಎರಡರಿಂದಲೂ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಆ ತಾಯಿ ಕೇಳಿದ ಪ್ರಶ್ನೆಯಲ್ಲಿ ಒಂದು ಸತ್ಯ ಇದೆ, ಅದನ್ನು ಒಪ್ಪಬೇಕು. ಶಾಲೆಯಿಂದ ಮನೆಗೆ ಹೋಗುವ ಮಾತಿನಲ್ಲಿ ಮಗು ಎಲ್ಲಿದೆ? ನಾವು ಮಾಡುವ ಫೋನಿನಲ್ಲಿ ಹೆಚ್ಚಿನವು ಕಾಗದದ ವಿಷಯಕ್ಕೆ. ಆಧಾರ್‌ನಲ್ಲಿ ಹೆಸರು ಒಂದು, ಇಲಾಖೆಯ ವಿದ್ಯಾರ್ಥಿ ದಾಖಲೆ ಸ್ಯಾಟ್ಸ್‌ನಲ್ಲಿ ಇನ್ನೊಂದು, ಸರಿ ಮಾಡಿಸಿ. ವಿದ್ಯಾರ್ಥಿಗಳ ಗುರುತಿನ ಸಂಖ್ಯೆ ಅಪಾರ್ ಐಡಿಗೆ ಒಪ್ಪಿಗೆ ಪತ್ರ ಕೊಡಿ. ಜಾತಿ ಪ್ರಮಾಣ ಪತ್ರದ ನಂಬರು ಹೇಳಿ. ಸ್ಕಾಲರ್‌ಶಿಪ್ಪಿಗೆ ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿ. ಇದು ಮುಗಿದ ಮೇಲೆ ಉಳಿದದ್ದು ದೂರು. ಹಾಗಾಗಿ ಶಾಲೆಯ ನಂಬರು ಕಂಡ ಕೂಡಲೇ ಅಮ್ಮಂದಿರ ಎದೆ ಧಸಕ್ಕೆನ್ನುತ್ತದೆ. ಜೂನ್ ತಿಂಗಳಲ್ಲಿ ನಾನು ಪ್ರತಿ ಮನೆಗೂ ಒಮ್ಮೆ ಫೋನ್ ಮಾಡಿ ಮಗುವಿನ ಬಗ್ಗೆ ಒಂದು ಒಳ್ಳೆಯ ಸಂಗತಿ ಮಾತ್ರ ಹೇಳಿ ಇಡುತ್ತೇನೆ. ಸುಳ್ಳು ಹೊಗಳಿಕೆ ಅಲ್ಲ, ಕಣ್ಣಿಗೆ ಬಿದ್ದದ್ದು: ಬಿಸಿಯೂಟದ ಹೊತ್ತಿಗೆ ಚಿಕ್ಕ ಮಕ್ಕಳ ತಟ್ಟೆ ತೊಳೆದು ಕೊಟ್ಟಳು, ನಕಾಶೆ ಚೆನ್ನಾಗಿ ಬಿಡಿಸಿದ, ಇಂಥದ್ದು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಅಷ್ಟೇಯಾ ಟೀಚರ್? ಬೇರೇನೂ ಇಲ್ವಾ?" ಅಂತ ಅನುಮಾನ. ಇದ್ದರೆ ಮುಚ್ಚಿಡಬೇಡಿ ಅಂತ ಒತ್ತಾಯ ಬೇರೆ. ಆದರೆ ಆಗಸ್ಟಿನಲ್ಲಿ ಕಷ್ಟದ ಮಾತು ಹೇಳಲು ಫೋನ್ ಮಾಡಿದಾಗ ಅದೇ ಅಮ್ಮ ಕೇಳಿಸಿಕೊಳ್ಳುವ ರೀತಿಯೇ ಬೇರೆ ಇರುತ್ತದೆ.

2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಟೀಚರುಗಳನ್ನೆಲ್ಲ ಮನೆ ಮನೆ ಕಳಿಸಿದರಲ್ಲ, ಅದರ ಬಗ್ಗೆ ನಮ್ಮವರೆಲ್ಲ ಬೈದುಕೊಂಡದ್ದೇ ಬೈದುಕೊಂಡದ್ದು. ಆ್ಯಪ್ ತೆರೆಯುವುದಿಲ್ಲ, ನೆಟ್‌ವರ್ಕ್ ಇಲ್ಲ, 60 ಪ್ರಶ್ನೆ. ಬೈಗುಳ ನ್ಯಾಯವೇ. ಆದರೆ ನಮ್ಮ ಶಾಲೆಯ ಕೆಲವು ಮಕ್ಕಳ ಮನೆಯೊಳಗೆ ನಾನು ಸರಿಯಾಗಿ ಕೂತದ್ದು ಆಗಲೇ. ಕೇಳಿದ ಉತ್ತರಗಳು ಆಯೋಗದ್ದು, ಅವನ್ನು ಇಲ್ಲಿ ಹೇಳುವುದಿಲ್ಲ. ಕಣ್ಣಾರೆ ಕಂಡದ್ದು ಹೇಳಬಹುದು. ಒಂದು ಮನೆಯಲ್ಲಿ ಚಾವಡಿಗೆ ಒಂದೇ ಲೈಟು. ಅದರ ಕೆಳಗೆ ಅಮ್ಮ ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದರು. ಕತ್ತರಿಸಿದ ಎಲೆಯ ಕಟ್ಟು ಒಂದು ಕಡೆ, ಹೊಗೆಸೊಪ್ಪು ಇನ್ನೊಂದು ಕಡೆ. ನನ್ನ ಕ್ಲಾಸಿನ ಹುಡುಗಿ ಪಕ್ಕದಲ್ಲಿ ಕೂತು ಅಮ್ಮ ಕಟ್ಟಿದ ಬೀಡಿಯ ತುದಿ ಮಡಚುತ್ತಿದ್ದಳು. ನನ್ನನ್ನು ಕಂಡು ಕೈ ಹಿಂದೆ ಮಾಡಿಕೊಂಡಳು. ಬೀಡಿ ಕಂಪೆನಿಯ ಬ್ರಾಂಚಿಗೆ ಕಟ್ಟಿದ ಬೀಡಿ ಕೊಡುವ ಹಿಂದಿನ ದಿನ ಆ ಮನೆಯಲ್ಲಿ ಹೋಂವರ್ಕ್ ಆಗುವುದಿಲ್ಲ ಅಂತ ನನಗೆ ತಿಳಿಯಲು ಬೇರೆ ಯಾರ ವಿವರಣೆಯೂ ಬೇಕಾಗಲಿಲ್ಲ. ಆ ಹುಡುಗಿಯ ಜತೆ ಮತ್ತು ಅಮ್ಮನ ಜತೆ ಕೂತು ಒಂದು ಒಪ್ಪಂದ ಮಾಡಿಕೊಂಡೆವು, ಹೋಂವರ್ಕನ್ನು ಅವಳು ಶಾಲೆಯಲ್ಲೇ ಸಂಜೆ ಆಟದ ಹೊತ್ತಿಗೆ ಮುಗಿಸುವುದು ಅಂತ. ಆಟ ತಪ್ಪುತ್ತದೆ, ಅದು ನನಗೆ ಸಮಾಧಾನದ ವಿಷಯವಲ್ಲ. ಬೇರೆ ದಾರಿ ಸಿಕ್ಕಿಲ್ಲ ಸದ್ಯಕ್ಕೆ.

ಅಪ್ಪಂದಿರು ಸಭೆಗೆ ಬರುವುದಿಲ್ಲ ಅನ್ನುವ ದೂರು ಎಲ್ಲ ಶಾಲೆಯಲ್ಲೂ ಇದೆ. ನಮ್ಮ ಕಡೆ ಅದಕ್ಕೆ ಕಾರಣ ಕಡಲು. ಆಳಸಮುದ್ರದ ಬೋಟಿಗೆ ಹೋದವರು ವಾರ ಹತ್ತು ದಿನ ಮನೆಗೆ ಬರುವುದಿಲ್ಲ. ನಾವು ಸಭೆ ಕರೆಯುವುದು ಯಾವಾಗ? ಮೊದಲ ಎಸ್‌ಎ, ಅಂದರೆ ಅರ್ಧವಾರ್ಷಿಕ ಪರೀಕ್ಷೆ ಮುಗಿದು ದಸರಾ ರಜೆ ಕಳೆದು ಪ್ರಗತಿ ಪತ್ರ ಕೊಡುವಾಗ, ಅಂದರೆ ಮೀನಿನ ಸೀಸನ್ ಜೋರಾಗಿರುವಾಗ. ಅದೇ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಬೋಟು ದಡದಲ್ಲಿ, ಅಪ್ಪ ಬಲೆ ಸರಿ ಮಾಡುತ್ತಾ ಮನೆಯಲ್ಲಿ. ಶಾಲೆ ಶುರುವಾಗುವುದೂ ಆಗಲೇ. ಜುಲೈಯಲ್ಲಿ ಸಭೆ ಕರೆದರೆ ಲುಂಗಿ ಉಟ್ಟುಕೊಂಡು, ಕೊಡೆ ಮಡಚಿ ಬಾಗಿಲ ಮೂಲೆಗೆ ಒರಗಿಸಿ, ಅಪ್ಪಂದಿರು ಬರುತ್ತಾರೆ. ಮಾತು ಕಮ್ಮಿ. ಮಗಳು ಪುಸ್ತಕ ತೋರಿಸುವಾಗ ತಲೆ ಅಲ್ಲಾಡಿಸುತ್ತಾರೆ. ಆದರೆ ಆ ಮೇಲೆ ವರ್ಷವಿಡೀ ಆ ಮಗುವಿಗೆ ಅಪ್ಪನಿಗೂ ಟೀಚರಿಗೂ ಪರಿಚಯ ಇದೆ ಅಂತ ಗೊತ್ತಿರುತ್ತದೆ. ಇಷ್ಟು ಸುಲಭದ ಕೆಲಸ ಬೆಂಗಳೂರಿನಲ್ಲಿ ಕೂತು ವೇಳಾಪಟ್ಟಿ ಮಾಡುವವರಿಗೆ ಹೊಳೆಯುವುದು ಕಷ್ಟ, ನಮಗೆ ಹೊಳೆಯಬೇಕಿತ್ತು.

ಸಮಯ ಎಲ್ಲಿಂದ ತರುವುದು ಅಂತ ನನ್ನ ಸಹೋದ್ಯೋಗಿಗಳು ಕೇಳುತ್ತಾರೆ. ಅನುದಾನಿತ ಶಾಲೆಗಳಲ್ಲಿ ನಿವೃತ್ತರಾದವರ ಜಾಗ ವರ್ಷಗಟ್ಟಲೆ ಖಾಲಿ ಬಿದ್ದಿರುತ್ತದೆ. ಆಡಳಿತದವರು ಕೊಡುವ ಸಣ್ಣ ಸಂಬಳಕ್ಕೆ ದುಡಿಯುವ ಗೌರವ ಶಿಕ್ಷಕಿಯರೇ ಅರ್ಧ ಶಾಲೆ ನಡೆಸುತ್ತಾರೆ. ಅವರಿಗೆ ರಾತ್ರಿ ಹತ್ತಕ್ಕೂ "ಟೀಚರ್, ನಾಳೆ ಯಾವ ಪುಸ್ತಕ?" ಅಂತ ಮೆಸೇಜು. ಪೋಷಕರೇ, ಆ ಹೊತ್ತಿಗೆ ಉತ್ತರ ಬರದಿದ್ದರೆ ಅಹಂಕಾರ ಅಂತ ತಿಳಿಯಬೇಡಿ, ಅವರ ಮನೆಯಲ್ಲೂ ಮಕ್ಕಳಿದ್ದಾರೆ. ದಿನಾ ಎಲ್ಲರ ವರದಿ ಟೈಪು ಮಾಡುವ ಸಮಯದಲ್ಲಿ ದಿನಕ್ಕೊಂದು ಮನೆಯವರನ್ನು ಮಗುವಿನ ಜತೆ ಕೂರಿಸಿಕೊಂಡು ಕಾಲು ಗಂಟೆ ಮಾತಾಡಬಹುದು. ನಲವತ್ತು ಮಕ್ಕಳಿದ್ದರೂ ಅರ್ಧ ವರ್ಷದೊಳಗೆ ಒಂದು ಸುತ್ತು ಆರಾಮಾಗಿ ಮುಗಿಯುತ್ತದೆ.

ಹಾಗಾಗಿ ನಮ್ಮ ಬಿಇಒ ಕಚೇರಿಗೂ, ಚರ್ಚ್ ಶಾಲೆಗಳ ಆಡಳಿತ ನೋಡಿಕೊಳ್ಳುವವರಿಗೂ ನನ್ನ ಬೇಡಿಕೆ ಸಣ್ಣದು. ಮುಂದಿನ ವರ್ಷದ ಕ್ರಿಯಾ ಯೋಜನೆ ಬರೆಯುವಾಗ ಕರಾವಳಿಯ ಶಾಲೆಗಳಿಗೆ ಮೊದಲ ಪೋಷಕರ ಸಭೆಯನ್ನು ಜುಲೈ ಮುಗಿಯುವುದರೊಳಗೆ ಇಡಿ. ಬೀಡಿ ಬ್ರಾಂಚಿಗೆ ಹೋಗುವ ದಿನ ಬೇಡ, ಕೆಲಸದವರು ಕೂಲಿ ಬಿಟ್ಟು ಬರಬೇಕಾದ ಬೆಳಿಗ್ಗೆ ಹನ್ನೊಂದಕ್ಕೂ ಬೇಡ, ಶನಿವಾರ ಮಧ್ಯಾಹ್ನದ ಮೇಲೆ ಇರಲಿ. ಮತ್ತು ಸುತ್ತೋಲೆಯಲ್ಲಿ "ಪೋಷಕರು ಮಕ್ಕಳನ್ನು ಜತೆಗೆ ಕರೆತರಬೇಕು" ಅಂತ ಒಂದು ಸಾಲು ಸೇರಿಸಿ. ಕುರ್ಚಿ ಕಮ್ಮಿ ಬಿದ್ದರೆ ಚರ್ಚಿನ ಹಾಲಿನಿಂದ ತರುತ್ತೇವೆ.

ಇಂತಿ,
ಉಡುಪಿ ಜಿಲ್ಲೆಯ ಒಬ್ಬ ಟೀಚರ್
(ಹೆಸರು ಹಾಕಬೇಡಿ, ಮಕ್ಕಳ ಗುರುತು ಸಿಗುತ್ತದೆ)